ಲಿವರ್‌ನಲ್ಲಿ ಲಿಂಫೋಮಾ ಇದೆಯಾ ಅಂತ ಸ್ಕ್ಯಾನಲ್ಲಿ ಹೇಗೆ ಗೊತ್ತಾಗುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯೋ ಕೆಲಸ ನಂದು. ಸಕಲೇಶಪುರ, ಬೇಲೂರು, ಅರಸೀಕೆರೆ, ಆ ಕಡೆ ಮೂಡಿಗೆರೆ, ಕಡೂರಿಂದ ಬರೋರು ಕವರ್ ಕೈಲಿ ಹಿಡ್ಕೊಂಡು ಬಾಗಿಲ ಹತ್ರ ನಿಂತು ಕೇಳೋದು, ಆಮೇಲೆ ವಾಟ್ಸಾಪಲ್ಲಿ ಕೇಳೋದು, ಒಂದಷ್ಟು ಜನ ಕಾಗದದಲ್ಲಿ ಬರೆದು ಕಳಿಸಿದ್ದು, ಎಲ್ಲ ಸೇರಿಸಿ ಇಲ್ಲಿ ಹಾಕಿದೀನಿ, ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ. ನಿಮ್ಮ ಪೇಷೆಂಟ್‌ಗೆ ಏನು ಮಾಡಬೇಕು ಅನ್ನೋದನ್ನ ಅವರ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟ್ರೇ ಹೇಳಬೇಕು, ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅನ್ನೋದಕ್ಕೆ ಇದು.

## ಮೊದಲನೇ ರಿಪೋರ್ಟ್ ಕೈಗೆ ಬಂದಾಗ

ಲಿವರಲ್ಲಿ ಲಿಂಫೋಮಾ ಅಂದ್ರೆ ಲಿವರ್ ಕ್ಯಾನ್ಸರ್ ಅಂತಾನಾ?

ಅಲ್ಲ. ಲಿವರ್ ಕ್ಯಾನ್ಸರ್ ಅಂತ ಸಾಮಾನ್ಯವಾಗಿ ಹೇಳೋದು ಲಿವರ್‌ನ ಸ್ವಂತ ಜೀವಕೋಶಗಳಲ್ಲಿ ಹುಟ್ಟೋದಕ್ಕೆ. ಲಿಂಫೋಮಾ ಹುಟ್ಟೋದು ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳಲ್ಲಿ, ಅದು ಕುತ್ತಿಗೆ, ಕಂಕುಳು, ಎದೆ, ಹೊಟ್ಟೆಯ ಗ್ರಂಥಿಗಳಲ್ಲಿ ಶುರುವಾಗಿ ಲಿವರಿಗೂ ಬಂದು ಸೇರ್ಕೊಳ್ಳುತ್ತೆ. ಲಿವರಲ್ಲೇ ಶುರುವಾಗೋದೂ ಉಂಟು, ಆದ್ರೆ ಬಲು ಅಪರೂಪ, ಗ್ರಂಥಿ ಬಿಟ್ಟು ಬೇರೆ ಅಂಗಗಳಲ್ಲಿ ಹುಟ್ಟೋ ಲಿಂಫೋಮಾಗಳಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಎರಡಕ್ಕೂ ಟ್ರೀಟ್ಮೆಂಟ್ ಪೂರ್ತಿ ಬೇರೆ. ಲಿವರ್ ಕ್ಯಾನ್ಸರ್‌ಗೆ ಆಪರೇಷನ್ ಆಗುತ್ತಾ ಅಂತ ಮೊದಲು ಯೋಚನೆ ಮಾಡ್ತಾರೆ, ಲಿಂಫೋಮಾಗೆ ಮುಖ್ಯವಾಗಿ ಕೀಮೋ, ಮತ್ತೆ ತುಂಬಾ ಜನಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತೆ.

ಅಲ್ಟ್ರಾಸೌಂಡಲ್ಲಿ ಹೈಪೋಎಕೋಯಿಕ್ ಲೀಶನ್ ಅಂತ ಬರೆದವ್ರೆ, ನಿದ್ದೆ ಬರ್ತಿಲ್ಲ ಸರ್, ಕ್ಯಾನ್ಸರ್ರೇ ಅಂತಾನಾ?

ಆ ಪದಕ್ಕೆ ಸುತ್ತಲಿನ ಲಿವರಿಗಿಂತ ಕಪ್ಪಾಗಿ ಕಾಣ್ತಿರೋ ಜಾಗ ಅಂತ ಮಾತ್ರ ಅರ್ಥ, ಕಾಯಿಲೆ ಹೆಸರಲ್ಲ ಅದು. ಫ್ಯಾಟಿ ಲಿವರ್ ಇರೋರಲ್ಲಿ ಕೊಬ್ಬು ಕೂರದೆ ಉಳಿದ ಜಾಗ, ಅದರಲ್ಲೂ ಪಿತ್ತಕೋಶದ ಪಕ್ಕ, ಹೀಗೇ ಕಪ್ಪಾಗಿ ಕಾಣುತ್ತೆ, ಅದು ಏನೂ ಅಲ್ಲ. ಕೀವು ತುಂಬಿದ ಗಡ್ಡೆ, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ಟಿಬಿ, ಲಿಂಫೋಮಾ, ಇವೆಲ್ಲವೂ ಹಾಗೇ ಕಾಣಬಹುದು.

ಲಿಂಫೋಮಾದಲ್ಲಿ ಒಂದು ವಿಶೇಷ ಇದೆ. ಜೀವಕೋಶಗಳು ಒಂದೇ ಥರದವು ಒತ್ತೊತ್ತಾಗಿ ತುಂಬ್ಕೊಂಡಿರೋದ್ರಿಂದ ಕೆಲವು ಸಲ ಎಷ್ಟು ಕಪ್ಪಾಗಿ ಕಾಣುತ್ತೆ ಅಂದ್ರೆ ನೀರುಗುಳ್ಳೆ ಅಂತಲೇ ಅನ್ಸುತ್ತೆ. ನಿಜವಾದ ನೀರುಗುಳ್ಳೆ ಆದ್ರೆ ಅದರ ಹಿಂದಿನ ಜಾಗ ಬೆಳ್ಳಗೆ ಹೊಳೆಯುತ್ತೆ, ಗಟ್ಟಿ ಗಡ್ಡೆಯಲ್ಲಿ ಸಾಮಾನ್ಯವಾಗಿ ಆ ಹೊಳಪು ಇರಲ್ಲ, ಮತ್ತೆ ಡಾಪ್ಲರ್ ಹಾಕಿದ್ರೆ ಒಳಗೆ ರಕ್ತ ಓಡಾಡೋದು ಕಾಣಬಹುದು. ಹಾಗಾಗಿ ಜ್ವರ, ತೂಕ ಇಳಿಯೋದು, ರಾತ್ರಿ ಬೆವರು ಇದ್ದು ರಿಪೋರ್ಟಲ್ಲಿ ಹಲವು ಸಿಸ್ಟ್ ಅಂತ ಬಂದಿದ್ರೆ ಇನ್ನೊಂದು ಸಲ ಸರಿಯಾಗಿ ನೋಡಿ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಬ್ಲಡ್ ಟೆಸ್ಟಲ್ಲೇ ಗೊತ್ತಾಗಲ್ವಾ, ಇಷ್ಟೊಂದು ಸ್ಕ್ಯಾನ್ ಯಾಕೆ?

ರಕ್ತದಲ್ಲಿ ಸುಳಿವು ಸಿಗುತ್ತೆ, ತೀರ್ಮಾನ ಸಿಗಲ್ಲ. ಎಲ್‌ಡಿಎಚ್ ಅನ್ನೋ ಕಿಣ್ವ ಜಾಸ್ತಿ ಇರುತ್ತೆ ತುಂಬಾ ಸಲ, ಆದ್ರೆ ಬೇರೆ ಎಷ್ಟೋ ಕಾಯಿಲೆಯಲ್ಲೂ ಏರುತ್ತೆ. ಲಿವರ್ ಕ್ಯಾನ್ಸರಿಗೆ ನೋಡೋ ಎಎಫ್‌ಪಿ, ಕರುಳಿನ ಕ್ಯಾನ್ಸರಿಗೆ ನೋಡೋ ಸಿಇಎ ಲಿಂಫೋಮಾದಲ್ಲಿ ಸಾಮಾನ್ಯವಾಗಿ ನಾರ್ಮಲ್. ಹಾಗಾಗಿ ಲಿವರ್ ತುಂಬ ಗಡ್ಡೆ, ಎಎಫ್‌ಪಿ ಸಿಇಎ ಎರಡೂ ನಾರ್ಮಲ್, ಎಲ್‌ಡಿಎಚ್ ಮೇಲೆ ಅಂತ ಇದ್ರೆ ನಮ್ಮ ತಲೆಗೆ ಲಿಂಫೋಮಾ ಬರ್ಲೇಬೇಕು. ಹೆಪಟೈಟಿಸ್ ಬಿ, ಸಿ ಮತ್ತೆ ಎಚ್‌ಐವಿ ಟೆಸ್ಟೂ ಮಾಡಿಸ್ತಾರೆ, ಅದಕ್ಕೆ ಬೇಜಾರಾಗಬೇಡಿ. ಈ ಕಾಯಿಲೆಗೂ ಆ ವೈರಸ್‌ಗಳಿಗೂ ನಂಟಿದೆ, ಜೊತೆಗೆ ಹೆಪಟೈಟಿಸ್ ಬಿ ಒಳಗೆ ಅಡಗಿದ್ರೆ ಲಿಂಫೋಮಾಗೆ ಕೊಡೋ ರಿಟುಕ್ಸಿಮಾಬ್ ಇಂಜೆಕ್ಷನ್ ಕೊಟ್ಟಾಗ ಅದು ಎದ್ದು ಲಿವರನ್ನೇ ಹಾಳು ಮಾಡಬಹುದು, ಮುಂಚೇನೇ ಗೊತ್ತಿದ್ರೆ ಮಾತ್ರೆ ಕೊಟ್ಟು ತಡೀತಾರೆ.

ಕಾಮಾಲೆ ಅಂತ ಮೂರು ವಾರದಿಂದ ನಾಟಿ ಔಷಧಿ ಕುಡಿಸ್ತಾ ಇದೀವಿ, ಸ್ಕ್ಯಾನ್ ಮಾಡಿಸ್ಲೇಬೇಕಾ?

ಮಾಡಿಸಿ, ಇವತ್ತೇ. ಕಣ್ಣು ಹಳದಿ ಆಗೋದು ವೈರಸ್ಸಿಂದಲೂ ಆಗುತ್ತೆ, ಪಿತ್ತನಾಳ ಕಟ್ಕೊಂಡ್ರೂ ಆಗುತ್ತೆ. ಲಿವರ್ ಬಾಗಿಲಲ್ಲಿರೋ ಗ್ರಂಥಿ ಊದಿ ನಾಳ ಒತ್ತಿದ್ರೆ, ಅಥವಾ ಲಿಂಫೋಮಾ ಲಿವರ್ ತುಂಬ ಹರಡಿದ್ರೂ ಕಾಮಾಲೆ ಬರುತ್ತೆ. ನಾಳ ಹಿಗ್ಗಿದೆಯಾ ಇಲ್ವಾ ಅನ್ನೋದು ಅಲ್ಟ್ರಾಸೌಂಡಲ್ಲಿ ಐದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ, ರೇಡಿಯೇಶನ್ ಇಲ್ಲ, ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತೆ. ಮಲೆನಾಡಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡೋದು ಹಿಂದಿನಿಂದ ಬಂದಿದೆ, ನಂಬಿಕೆ ನನಗೆ ಅರ್ಥ ಆಗುತ್ತೆ, ಆದ್ರೆ ಒಳಗೆ ಏನಾಗಿದೆ ಅಂತ ನೋಡದೆ ವಾರಗಟ್ಟಲೆ ಕಳೆದ್ರೆ ರಕ್ತದಲ್ಲಿ ಬಿಲಿರುಬಿನ್ ಅನ್ನೋ ಹಳದಿ ಅಂಶ ಏರಿ, ಆಮೇಲೆ ಕೀಮೋ ಕೊಡಬೇಕು ಅಂದ್ರೂ ಫುಲ್ ಡೋಸ್ ಕೊಡಕ್ಕಾಗದ ಪರಿಸ್ಥಿತಿಗೆ ಬರುತ್ತೆ, ಅದು ನನಗೆ ತುಂಬಾ ಸಂಕಟ ಕೊಡೋ ವಿಷಯ.

## ಒಂದೊಂದು ಸ್ಕ್ಯಾನ್ ಯಾಕೆ, ಹೇಗೆ

ಅಲ್ಟ್ರಾಸೌಂಡಲ್ಲಿ ಗಡ್ಡೆ ಕಂಡಾಯ್ತಲ್ಲ, ಮತ್ತೆ ಸಿಟಿ ಯಾಕೆ ಬರೀತಾರೆ?

ಗಡ್ಡೆ ಇದೆ ಅಂತ ಗೊತ್ತಾಯ್ತು, ಎಂಥದ್ದು ಅಂತ ಗೊತ್ತಾಗಿಲ್ಲ, ಮೈಯಲ್ಲಿ ಇನ್ನೆಲ್ಲೆಲ್ಲಿದೆ ಅಂತಲೂ ಗೊತ್ತಾಗಿಲ್ಲ. ಸಿಟಿಯಲ್ಲಿ ಕೈ ನರಕ್ಕೆ ಕಾಂಟ್ರಾಸ್ಟ್ ಅನ್ನೋ, ಚಿತ್ರದಲ್ಲಿ ಹೊಳೆಯೋ ಔಷಧಿ ಕೊಟ್ಟು ಒಂದೇ ಲಿವರನ್ನ ಬೇರೆ ಬೇರೆ ಹೊತ್ತಲ್ಲಿ ಹಿಡೀತೀವಿ. ಲಿವರಿಗೆ ರಕ್ತ ಎರಡು ದಾರೀಲಿ ಬರುತ್ತೆ, ಸುಮಾರು ಮುಕ್ಕಾಲು ಪಾಲು ಕರುಳಿಂದ ಬರೋ ಪೋರ್ಟಲ್ ವೇನ್‌ನಿಂದ, ಉಳಿದ ಕಾಲು ಭಾಗ ಆರ್ಟರಿಯಿಂದ. ಕಾಂಟ್ರಾಸ್ಟ್ ಕೊಟ್ಟ 30-35 ಸೆಕೆಂಡಿಗೆ ಆರ್ಟರಿ ಹೊತ್ತು, 70 ಸೆಕೆಂಡ್ ಸುಮಾರಿಗೆ ಪೋರ್ಟಲ್ ಹೊತ್ತು, ಕೆಲವು ನಿಮಿಷ ಬಿಟ್ಟು ಕೊನೇದು. ಲಿವರ್ ಕ್ಯಾನ್ಸರ್ ಆರ್ಟರಿ ಹೊತ್ತಲ್ಲಿ ಫಳ್ ಅಂತ ಹೊಳೆದು ಆಮೇಲೆ ಮಂಕಾಗುತ್ತೆ. ಹೆಮಾಂಜಿಯೋಮಾ ಅನ್ನೋ ನಿರಪಾಯದ ರಕ್ತನಾಳದ ಗಂಟು ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬುತ್ತೆ. ಲಿಂಫೋಮಾ ಹೆಚ್ಚಾಗಿ ಎಲ್ಲಾ ಹೊತ್ತಲ್ಲೂ ಮಂಕಾಗೇ ಇರುತ್ತೆ, ಒಂದೇ ಸಮ ಬೂದು ಬಣ್ಣ, ಕೆಲವೊಮ್ಮೆ ಅಂಚಲ್ಲಿ ತೆಳ್ಳಗೆ ಒಂದು ಬಳೆ ಥರ ಕಾಣುತ್ತೆ.

ನಾನು ಎಲ್ಲಕ್ಕಿಂತ ಮೊದಲು ಹುಡುಕೋದು ಇನ್ನೊಂದನ್ನ. ಬೇರೆ ಕ್ಯಾನ್ಸರ್ ಗಡ್ಡೆಗಳು ರಕ್ತನಾಳವನ್ನ ತಳ್ಳುತ್ತವೆ, ಹಿಸುಕುತ್ತವೆ, ಒಳಗೆ ನುಗ್ಗಿ ಕಟ್ಟಿಬಿಡ್ತವೆ. ಲಿಂಫೋಮಾ ಮೃದು, ಅದು ಲಿವರ್‌ನ ಸಂದಿಗಳಲ್ಲಿ ನುಸುಳ್ಕೊಂಡು ಬೆಳೆಯುತ್ತೆ, ರಕ್ತನಾಳಗಳು ಗಡ್ಡೆ ಮಧ್ಯದಲ್ಲೇ ನೆಟ್ಟಗೆ ಹಾದು ಹೋಗ್ತಿರ್ತವೆ, ತೋಟದಲ್ಲಿ ಸಿಲ್ವರ್ ಮರ ಅಲುಗಾಡದೆ ನಿಂತಿದ್ದು ಅದರ ಸುತ್ತ ಕಾಫಿ ಗಿಡ ತುಂಬ್ಕೊಂಡಿರುತ್ತಲ್ಲ ಹಾಗೆ. ಇಷ್ಟು ದೊಡ್ಡ ಗಡ್ಡೆ, ಆದ್ರೂ ನಾಳ ಒಂಚೂರೂ ಬಾಗಿಲ್ಲ ಅಂದ್ರೆ ಅನುಮಾನ ಬಲ ಆಗುತ್ತೆ. ಜೊತೆಗೆ ಗುಲ್ಮ (ಸ್ಪ್ಲೀನ್) ಊದಿದೆಯಾ, ಅಂದ್ರೆ ಉದ್ದ 13 ಸೆಂಟಿಮೀಟರ್ ದಾಟಿದೆಯಾ, ಹೊಟ್ಟೆ ಎದೆಯ ಗ್ರಂಥಿಗಳು ಹೇಗಿವೆ ಅಂತ ಅದೇ ಸಿಟಿಯಲ್ಲಿ ನೋಡ್ತೀವಿ.

ಹೋಗೋ ಮುಂಚೆ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟ್ ಇರಲಿ, ಹಿಂದೆ ಕಾಂಟ್ರಾಸ್ಟ್‌ಗೆ ಮೈ ದದ್ದು, ಉಬ್ಬಸ ಬಂದಿದ್ರೆ ಮೊದಲೇ ಹೇಳಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ತಿದ್ರೆ ಅದನ್ನೂ ಹೇಳಿ.

ಸಿಟಿ ಆದ್ಮೇಲೆ ಎಂಆರ್‌ಐ ಬೇರೆ ಬೇಕಾ?

ಎಲ್ಲರಿಗೂ ಬೇಡ. ಸಿಟಿಯಲ್ಲಿ ಗೊಂದಲ ಇದ್ರೆ, ಕಾಂಟ್ರಾಸ್ಟ್ ಅಲರ್ಜಿ ಇದ್ರೆ, ಬಸುರಿ ಆಗಿದ್ರೆ, ಚಿಕ್ಕ ವಯಸ್ಸಿನವರಾಗಿದ್ರೆ ಎಂಆರ್‌ಐ ಉಪಯೋಗ. ಅದರಲ್ಲಿ ಡಿಫ್ಯೂಷನ್ ಅಂತ ಒಂದು ಭಾಗ ಇದೆ, ನೀರಿನ ಕಣ ಎಷ್ಟು ಸಲೀಸಾಗಿ ಓಡಾಡ್ತಿವೆ ಅಂತ ಅಳೆಯುತ್ತೆ. ಲಿಂಫೋಮಾದಲ್ಲಿ ಕೋಶಗಳು ಇಕ್ಕಟ್ಟಾಗಿರೋದ್ರಿಂದ ನೀರಿಗೆ ಜಾಗವೇ ಇಲ್ಲ, ಆ ಚಿತ್ರದಲ್ಲಿ ಅದು ಬಲ್ಬ್ ಹಾಕಿದಂಗೆ ಕಾಣುತ್ತೆ, ಎಡಿಸಿ ಅನ್ನೋ ನಕ್ಷೆಯಲ್ಲಿ ಕಪ್ಪಗೆ. ಸಿಟಿಯಲ್ಲಿ ತಪ್ಪಿಸ್ಕೊಂಡ ಸಣ್ಣ ಸಣ್ಣ ಚುಕ್ಕೆಗಳೂ ಇಲ್ಲಿ ಸಿಗ್ತವೆ. ಆದ್ರೆ ಕೀವುಗಡ್ಡೆಯೂ ಡಿಫ್ಯೂಷನಲ್ಲಿ ಹೊಳೆಯುತ್ತೆ, ಅದಕ್ಕೆ ಅದೊಂದನ್ನೇ ನಂಬಲ್ಲ.

ಪೆಟ್ ಸ್ಕ್ಯಾನ್ ಅಂತ ಬೆಂಗಳೂರಿಗೆ ಬರೆದ್ಕೊಟ್ಟವ್ರೆ, ಅದೇನು ಅಷ್ಟು ದೊಡ್ಡದು?

ಸಿಟಿ, ಎಂಆರ್‌ಐ ಆಕಾರ ತೋರಿಸ್ತವೆ, ಪೆಟ್ ಯಾವ ಜಾಗ ಎಷ್ಟು ಸಕ್ಕರೆ ಎಳ್ಕೊಳ್ತಿದೆ ಅಂತ ತೋರಿಸುತ್ತೆ. ಗ್ಲೂಕೋಸಿನಂಥ ಎಫ್‌ಡಿಜಿ ಅನ್ನೋ ವಸ್ತುವಿಗೆ ಫ್ಲೋರಿನ್ 18 ಅಂಟಿಸಿ ನರಕ್ಕೆ ಕೊಡ್ತಾರೆ, ಸುಮಾರು ಒಂದು ಗಂಟೆ ಸುಮ್ನೆ ಮಲಗಿಸಿ ಆಮೇಲೆ ಸ್ಕ್ಯಾನ್. ಜೋರಾಗಿ ಬೆಳೆಯೋ ಲಿಂಫೋಮಾ, ಹಾಡ್ಜ್‌ಕಿನ್ ಅನ್ನೋ ಜಾತಿ ಆಗಲಿ ಬಿ ಸೆಲ್ ದೊಡ್ಡಕೋಶದ್ದಾಗಲಿ, ಸಕ್ಕರೆ ಗಬಗಬ ಎಳ್ಕೊಳ್ಳುತ್ತೆ, ನೆತ್ತಿಯಿಂದ ತೊಡೆವರೆಗೆ ಎಲ್ಲೆಲ್ಲಿದೆ ಅಂತ ಒಂದೇ ಸಲಕ್ಕೆ ಸಿಗುತ್ತೆ. ಆ ಫ್ಲೋರಿನ್ 110 ನಿಮಿಷಕ್ಕೆ ಅರ್ಧ ಆಗೋಗುತ್ತೆ, ತಂದು ಸ್ಟಾಕ್ ಇಟ್ಕೊಳ್ಳೋ ವಸ್ತು ಅಲ್ಲ, ತಯಾರಿಸೋ ಜಾಗ ತೀರಾ ದೂರ ಇದ್ರೆ ಆಗಲ್ಲ. ಅದಕ್ಕೇ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರಿಗೆ ಹೋಗಿ ಮಾಡಿಸ್ಕೊಂಡು ಬರೋದು. ನಿಧಾನಕ್ಕೆ ಬೆಳೆಯೋ ಕೆಲವು ಜಾತಿ, ಮಾರ್ಜಿನಲ್ ಜೋನ್ ಅಂತ ಇರೋದು ಉದಾಹರಣೆಗೆ, ಪೆಟ್‌ನಲ್ಲಿ ಮಂಕಾಗಿ ಕಾಣಬಹುದು, ಅಲ್ಲಿ ಸಿಟಿಯೇ ಆಧಾರ.

ಪೆಟ್‌ಗೆ ಹೋಗೋ ಹಿಂದಿನ ದಿನ ಏನು ತಿನ್ಬೇಕು? ತೋಟದ ಕೆಲಸ ಮಾಡಬಹುದಾ?

ಇದನ್ನ ಸರಿಯಾಗಿ ಪಾಲಿಸದೆ ಹೋಗಿ ಸ್ಕ್ಯಾನ್ ವೇಸ್ಟ್ ಆದ್ರೆ ಅಷ್ಟು ದೂರದ ಓಡಾಟ, ದುಡ್ಡು ಎಲ್ಲ ಹೋಗುತ್ತೆ, ಅದಕ್ಕೆ ಬಿಡಿಸಿ ಹೇಳ್ತೀನಿ. ಕನಿಷ್ಠ 6 ಗಂಟೆ ಹೊಟ್ಟೆ ಖಾಲಿ, ಬರೀ ನೀರು ಕುಡೀಬಹುದು, ಚೆನ್ನಾಗಿ ಕುಡೀರಿ. ಬೆಳಗ್ಗೆ ಎದ್ದು ಒಂದು ಲೋಟ ಕಾಫಿ ಕುಡಿಯೋ ಅಭ್ಯಾಸ ನಮ್ಮ ಕಡೆ ಬಿಡೋದು ಕಷ್ಟ, ಆದ್ರೂ ಅವತ್ತು ಬೇಡ, ಸಕ್ಕರೆ ಇಲ್ಲದ್ದೂ ಬೇಡ. ಹಿಂದಿನ ರಾತ್ರಿ ಮುದ್ದೆ, ಅನ್ನ, ಅಕ್ಕಿ ರೊಟ್ಟಿ, ಸಿಹಿ ಕಡಿಮೆ ಮಾಡಿ ಮೊಟ್ಟೆ, ಕೋಳಿ, ಸೊಪ್ಪು, ಪನ್ನೀರ್ ಥರದ್ದು ತಿನ್ನಿ. ರಕ್ತದ ಸಕ್ಕರೆ 200 ಒಳಗೆ ಇರಬೇಕು, ಜಾಸ್ತಿ ಇದ್ರೆ ವಾಪಸ್ ಕಳಿಸ್ತಾರೆ, ಹಾಗಂತ ಹೋಗೋ ಹೊತ್ತಿಗೆ ನೀವೇ ಇನ್ಸುಲಿನ್ ಹಾಕ್ಕೊಂಡು ಹೋದ್ರೆ ಎಫ್‌ಡಿಜಿ ಎಲ್ಲ ಮಾಂಸಖಂಡಕ್ಕೆ ನುಗ್ಗಿ ಚಿತ್ರ ಕೆಡುತ್ತೆ. ಶುಗರ್ ಔಷಧಿ ಹೇಗೆ ತಗೊಂಡು ಬರಬೇಕು ಅಂತ ಸೆಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ.

ಹಿಂದಿನ ದಿನ ಭಾರದ ಕೆಲಸ ಬೇಡ. ಹಣ್ಣು ಕೊಯ್ದು ಮೂಟೆ ಹೊತ್ತು ಮಾರನೇ ದಿನ ಹೋದ್ರೆ ಭುಜ, ಬೆನ್ನಿನ ಮಾಂಸಖಂಡ ಎಲ್ಲ ಸಕ್ಕರೆ ಎಳ್ಕೊಂಡು ಹೊಳೀತಾ ಕೂರ್ತವೆ. ಚಳಿಯೂ ಅಷ್ಟೆ. ಡಿಸೆಂಬರಲ್ಲಿ ಮೂಡಿಗೆರೆ, ಚಿಕ್ಕಮಗಳೂರಿಂದ ಬೆಳಗಿನ ಜಾವದ ಬಸ್ಸಲ್ಲಿ ನಡುಗ್ತಾ ಹೋದ್ರೆ ಕುತ್ತಿಗೆ ಸುತ್ತ ಇರೋ ಕಂದು ಕೊಬ್ಬು ಮೈ ಬಿಸಿ ಮಾಡಕ್ಕೆ ಸಕ್ಕರೆ ಉರಿಸುತ್ತೆ, ಅದು ಪೆಟ್‌ನಲ್ಲಿ ಕುತ್ತಿಗೆ ಗ್ರಂಥಿ ಥರಾನೇ ಕಾಣುತ್ತೆ. ಸ್ವೆಟರ್, ಮಫ್ಲರ್, ಶಾಲು ಹಾಕ್ಕೊಂಡು ಹೋಗಿ, ಆದ್ರೆ ಹಿಂದಿನ ರಾತ್ರಿಯೇ ಹೋಗಿ ಉಳಿದ್ರೆ ಇನ್ನೂ ಒಳ್ಳೇದು.

ಪೆಟ್ ಮಾಡಿಸ್ಕೊಂಡು ಬಸ್ಸಲ್ಲಿ ಬರಬಹುದಾ? ಮನೇಲಿ ಎಳೇ ಮಗು ಇದೆ.

ಬರಬಹುದು. ಜಾಸ್ತಿ ನೀರು ಕುಡಿದು ಪದೇ ಪದೇ ಮೂತ್ರಕ್ಕೆ ಹೋಗಿ, ಬಸ್ಸಲ್ಲಿ ಬಸುರಿ ಹೆಂಗಸರು, ಮಕ್ಕಳ ಪಕ್ಕ ಕೂರಬೇಡಿ. ಅವತ್ತು ಪೂರ್ತಿ ಮಗು ಎತ್ಕೊಳ್ಳೋದು ಬೇಡ, ಮಾರನೇ ದಿನ ಎತ್ಕೊಂಡು ಮುದ್ದಾಡಿ. ಹನ್ನೊಂದು ಗಂಟೆ ಕಳೆಯೋ ಹೊತ್ತಿಗೆ ಕೊಟ್ಟಿದ್ದರಲ್ಲಿ ಶೇಕಡಾ 2ಕ್ಕಿಂತ ಕಡಿಮೆ ಉಳಿದಿರುತ್ತೆ.

ಇಷ್ಟು ಸ್ಕ್ಯಾನ್ ಮಾಡಿಸಿದ್ರೆ ರೇಡಿಯೇಶನ್ನಿಂದಲೇ ಇನ್ನೊಂದು ಕ್ಯಾನ್ಸರ್ ಬರಲ್ವಾ?

ಅಲ್ಟ್ರಾಸೌಂಡ್, ಎಂಆರ್‌ಐಯಲ್ಲಿ ಆ ರೇಡಿಯೇಶನ್ ಇಲ್ಲವೇ ಇಲ್ಲ. ಹೊಟ್ಟೆಯ ಸಿಟಿ ಒಂದು ಸುತ್ತಿಗೆ ಸುಮಾರು 8-10 ಮಿಲಿಸೀವರ್ಟ್ (ರೇಡಿಯೇಶನ್ ಅಳೆಯೋ ಲೆಕ್ಕ), ಮಣ್ಣು ಗಾಳಿ ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ತಾನಾಗೇ ಸಿಗೋದು ಜಗತ್ತಿನ ಸರಾಸರಿ 2.4. ಲಿಂಫೋಮಾ ಅನುಮಾನ ಇರೋವಾಗ ಆ ಸಣ್ಣ ಅಪಾಯಕ್ಕೆ ಹೆದರಿ ಸ್ಕ್ಯಾನ್ ಬಿಡೋದು ಸರಿಯಲ್ಲ. ಆದ್ರೆ ಹೋದ ವಾರ ಮಾಡಿಸಿದ ಸಿಟಿಯನ್ನ ಇನ್ನೊಂದು ಕಡೆ ಮತ್ತೆ ಮಾಡಿಸೋದು ಇದೆಯಲ್ಲ, ಅದು ತಪ್ಪಿಸಬಹುದಾದ್ದು. ಅದಕ್ಕೆ ಫಿಲಂ ಮಾತ್ರ ಅಲ್ಲ, ಸಿಡಿ ಕೇಳಿ ಇಸ್ಕೊಳ್ಳಿ. ಫಿಲಂನಲ್ಲಿ ಆಯ್ದ ಕೆಲವೇ ಚಿತ್ರ, ಸಿಡಿಯಲ್ಲಿ ನೂರಾರು ಚಿತ್ರ ಇರುತ್ತೆ, ದೊಡ್ಡಾಸ್ಪತ್ರೆ ಡಾಕ್ಟ್ರು ಅವರ ಕಂಪ್ಯೂಟರಲ್ಲೇ ಹಾಕ್ಕೊಂಡು ಇಂಚಿಂಚೂ ನೋಡ್ತಾರೆ.

ಬಿಪಿಎಲ್ ಕಾರ್ಡ್ ಇದೆ, ಇದಕ್ಕೆಲ್ಲ ಆಗುತ್ತಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಹಾಸನದ ಹಿಮ್ಸ್ ಅಥವಾ ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ ಅಲ್ಲಿಂದ ರೆಫರಲ್ ತಗೊಂಡು ಹೋಗಿ, ಬೆಂಗಳೂರಲ್ಲಿ ಕಿದ್ವಾಯಿ ಸರ್ಕಾರದ್ದೇ ಕ್ಯಾನ್ಸರ್ ಸಂಸ್ಥೆ. ಯಾವ ಸ್ಕ್ಯಾನ್ ಪ್ಯಾಕೇಜೊಳಗೆ ಬರುತ್ತೆ, ಯಾವುದಕ್ಕೆ ಕೈಯಿಂದ ಹಾಕಬೇಕು ಅಂತ ಆಸ್ಪತ್ರೆಯಲ್ಲಿರೋ ಆರೋಗ್ಯಮಿತ್ರರನ್ನ ದುಡ್ಡು ಕಟ್ಟೋಕೆ ಮುಂಚೆ ಕೇಳಿ.

## ಕಾಯಿಲೆ ಹೆಸರು ಖಾತ್ರಿ ಮಾಡ್ಕೊಳ್ಳೋದು

ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅಂತಾರೆ, ಸ್ಕ್ಯಾನಲ್ಲೇ ಗೊತ್ತಾದ್ರೆ ಬಯಾಪ್ಸಿ ಯಾಕೆ?

ಇಡೀ ಪುಟದಲ್ಲಿ ಒಂದೇ ಉತ್ತರ ಓದ್ತೀರಿ ಅಂದ್ರೆ ಇದನ್ನ ಓದಿ. ಸಿರೋಸಿಸ್ ಆಗಿ, ಅಂದ್ರೆ ಗಾಯದ ಕಲೆ ಕಟ್ಟಿ ಗಟ್ಟಿಯಾಗಿರೋ ಲಿವರಲ್ಲಿ ಹುಟ್ಟೋ ಲಿವರ್ ಕ್ಯಾನ್ಸರನ್ನ ಸಿಟಿ, ಎಂಆರ್‌ಐಯಲ್ಲಿ ಲಕ್ಷಣ ಸ್ಪಷ್ಟ ಇದ್ರೆ ಬಯಾಪ್ಸಿ ಇಲ್ಲದೆಯೂ ಹೇಳ್ತಾರೆ. ಲಿಂಫೋಮಾಗೆ ಹಾಗೆ ಮಾಡಕ್ಕಾಗಲ್ಲ. ನಾನು ಮೇಲೆ ಹೇಳಿದ ಒಂದೊಂದು ಲಕ್ಷಣವೂ, ಮಂಕು ಬಣ್ಣ, ಬಾಗದ ನಾಳ, ಡಿಫ್ಯೂಷನ್ ಹೊಳಪು, ಪೆಟ್ ಹೊಳಪು, ಎಲ್ಲ ಸೇರಿದ್ರೂ ಅದು ಬಲವಾದ ಅನುಮಾನ ಅಷ್ಟೆ. ಲಿಂಫೋಮಾದಲ್ಲಿ ಹತ್ತಾರು ಜಾತಿ, ಬಿ ಸೆಲ್ಲಾ ಟಿ ಸೆಲ್ಲಾ, ಕೋಶದ ಮೇಲೆ ಸಿಡಿ 20, ಸಿಡಿ 30 ಅನ್ನೋ ಗುರುತು ಇದೆಯಾ ಅಂತ ನೋಡಿ ಔಷಧಿ ತೀರ್ಮಾನ ಮಾಡ್ತಾರೆ, ಅದು ತುಣುಕು ತೆಗೆದು ಮೈಕ್ರೋಸ್ಕೋಪಲ್ಲಿ ಬಣ್ಣ ಹಾಕಿ ನೋಡಿದ್ರೆ ಮಾತ್ರ ಗೊತ್ತಾಗೋದು.

ಹರಡೋ ಭಯದ ಮಾತು. ಲಿವರ್ ಕ್ಯಾನ್ಸರಲ್ಲಿ ಸೂಜಿ ಹೋದ ದಾರೀಲಿ ಕೋಶ ಅಂಟ್ಕೊಳ್ಳೋದು ನೂರರಲ್ಲಿ ಸುಮಾರು 2-3 ಜನಕ್ಕೆ ಆಗುತ್ತೆ ಅಂತ ಲೆಕ್ಕ ಇದೆ, ಬಹುಶಃ ಈ ಮಾತು ಅಲ್ಲಿಂದ ಹುಟ್ಟಿರಬೇಕು. ಲಿಂಫೋಮಾದಲ್ಲಿ ಅದು ಚಿಂತೆ ಮಾಡೋ ವಿಷಯವೇ ಅಲ್ಲ, ಅದು ಮೊದಲೇ ಇಡೀ ಮೈಗೆ ಔಷಧಿ ಕೊಡೋ ಕಾಯಿಲೆ. ನಿಜವಾದ ಅಪಾಯ ರಕ್ತಸ್ರಾವ, ಅದೂ ಕಡಿಮೆ, ಅದಕ್ಕೇ ಮುಂಚೆ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಾ ಅಂತ ಪ್ಲೇಟ್‌ಲೆಟ್, ಐಎನ್‌ಆರ್ ನೋಡ್ತಾರೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಹೇಳಿ, ಆದ್ಮೇಲೆ ಕೆಲವು ಗಂಟೆ ಮಲಗಿಸಿ ಬಿಪಿ ನೋಡ್ತಿರ್ತಾರೆ. ಅಲ್ಟ್ರಾಸೌಂಡಲ್ಲಿ ನೋಡ್ಕೊಂಡೇ ಸೂಜಿ ಹಾಕೋದು, ಕುರುಡಾಗಿ ಅಲ್ಲ.

ಇನ್ನೊಂದು, ಸಣ್ಣ ಸೂಜಿಯ ಎಫ್‌ಎನ್‌ಎಸಿ ಮಾಡಿ ಮುಗಿಸಬೇಡಿ. ಅದರಲ್ಲಿ ಬಿಡಿ ಕೋಶ ಬರುತ್ತೆ, ಅವು ಹೇಗೆ ಜೋಡಿಸ್ಕೊಂಡಿವೆ ಅಂತ ಗೊತ್ತಾಗಲ್ಲ, ಜಾತಿ ಹೇಳಕ್ಕೆ ಸಾಲಲ್ಲ. ದಪ್ಪ ಸೂಜಿಯ ಕೋರ್ ಬಯಾಪ್ಸಿ ಬೇಕು. ಕುತ್ತಿಗೆಯಲ್ಲೋ ಕಂಕುಳಲ್ಲೋ ಊದಿದ ಗ್ರಂಥಿ ಇದ್ರೆ ಲಿವರ್ ಮುಟ್ಟದೆ ಆ ಗ್ರಂಥಿಯನ್ನೇ ತೆಗೆದು ಕಳಿಸೋದು ಇನ್ನೂ ಒಳ್ಳೇದು, ಯಾವುದನ್ನ ತೆಗೀಬೇಕು ಅನ್ನೋದಕ್ಕೆ ಪೆಟ್‌ನಲ್ಲಿ ಜಾಸ್ತಿ ಹೊಳೀತಿರೋದು ದಾರಿ ತೋರಿಸುತ್ತೆ.

ಒಬ್ರು ಟಿಬಿ ಅಂದ್ರು, ಇನ್ನೊಬ್ರು ಲಿಂಫೋಮಾ ಅಂದ್ರು, ಯಾರನ್ನ ನಂಬೋದು?

ಇಬ್ರೂ ಸುಮ್ನೆ ಹೇಳಿಲ್ಲ. ಜ್ವರ, ತೂಕ ಇಳಿಯೋದು, ರಾತ್ರಿ ಬೆವರು ಎರಡರಲ್ಲೂ ಇದೆ. ಗ್ರಂಥಿ ಊದೋದು, ಲಿವರ್ ಗುಲ್ಮದಲ್ಲಿ ಚುಕ್ಕೆ, ಪೆಟ್‌ನಲ್ಲಿ ಹೊಳೆಯೋದು ಕೂಡ ಎರಡರಲ್ಲೂ ಇದೆ. ಗ್ರಂಥಿ ಮಧ್ಯ ಕೊಳೆತು ಅಂಚು ಮಾತ್ರ ಹೊಳೀತಿದ್ರೆ ಟಿಬಿ ಕಡೆ ವಾಲ್ತೀವಿ, ಒಂದೇ ಸಮ ಇದ್ರೆ ಲಿಂಫೋಮಾ ಕಡೆ, ಆದ್ರೆ ಅದರ ಮೇಲೆ ಯಾರೂ ಪ್ರಾಣ ಇಡಬಾರದು. ನೋಡೋಣ ಅಂತ ಟಿಬಿ ಮಾತ್ರೆ ಶುರು ಮಾಡಿ ಎರಡು ಮೂರು ತಿಂಗಳು ಕಳೆಯೋದನ್ನ ನಾನು ಒಪ್ಪಲ್ಲ. ಅದೇ ಬಯಾಪ್ಸಿ ತುಣುಕನ್ನ ಎರಡು ಭಾಗ ಮಾಡಿ ಒಂದನ್ನ ಪೆಥಾಲಜಿಗೆ, ಇನ್ನೊಂದನ್ನ ಫಾರ್ಮಲಿನ್ ಹಾಕದೆ ಟಿಬಿ ರೋಗಾಣು ಹುಡುಕೋ ಸಿಬಿನಾಟ್ ಮತ್ತೆ ಕಲ್ಚರ್ ಪರೀಕ್ಷೆಗೆ ಕಳಿಸಿ ಅಂತ ಕೇಳ್ಕೊಳ್ಳಿ, ಒಂದೇ ಸಲ ಚುಚ್ಚಿಸ್ಕೊಂಡು ಎರಡಕ್ಕೂ ಉತ್ತರ ಸಿಗುತ್ತೆ.

ಸುಸ್ತು ಜಾಸ್ತಿ ಅಂತ ಸ್ಟೀರಾಯ್ಡ್ ಕೊಟ್ರು, ಗಡ್ಡೆ ಕಮ್ಮಿ ಆಗಿದೆ, ಹಾಗಾದ್ರೆ ಕ್ಯಾನ್ಸರ್ ಅಲ್ಲ ತಾನೆ?

ಹಾಗೆ ಹೇಳಕ್ಕಾಗಲ್ಲ. ಸ್ಟೀರಾಯ್ಡ್ ಲಿಂಫೋಮಾ ಕೋಶಗಳನ್ನೂ ಸಾಯಿಸುತ್ತೆ, ಕೆಲವು ದಿನ ಗಡ್ಡೆ ಕುಗ್ಗುತ್ತೆ, ಆಮೇಲೆ ಮತ್ತೆ ಬರುತ್ತೆ. ಆ ಮಧ್ಯ ಬಯಾಪ್ಸಿ ಮಾಡಿದ್ರೆ ಬರೀ ಸತ್ತ ಕೋಶ ಸಿಕ್ಕಿ ಏನೂ ಹೇಳಕ್ಕಾಗದೆ ಹೋಗಬಹುದು, ಪೆಟ್‌ನಲ್ಲೂ ಹೊಳಪು ಇಳಿದಿರುತ್ತೆ. ತುರ್ತು ಇಲ್ಲದಿದ್ರೆ ಬಯಾಪ್ಸಿ ಆಗೋವರೆಗೂ ಸ್ಟೀರಾಯ್ಡ್ ಬೇಡ, ಈಗಾಗ್ಲೇ ತಗೊಂಡಿದ್ರೆ ಯಾವ ತಾರೀಕಿಂದ ಎಷ್ಟು ಅಂತ ಬರೆದಿಟ್ಕೊಂಡು ತೋರಿಸಿ.

ಸ್ಕ್ಯಾನಲ್ಲಿ ಲಿವರ್ ನಾರ್ಮಲ್ ಅಂತ ಬಂದಿದೆ, ಆದ್ರೂ ಲಿವರಲ್ಲಿ ಇರಬಹುದು ಅಂತಾರೆ, ಹೇಗೆ?

ಲಿಂಫೋಮಾ ಯಾವಾಗ್ಲೂ ಗಡ್ಡೆಯಾಗೇ ಇರಬೇಕು ಅಂತಿಲ್ಲ. ಮೂರು ರೂಪ ಇದೆ, ಒಂದೇ ದೊಡ್ಡ ಗಡ್ಡೆ, ಹಲವು ಸಣ್ಣ ಗಡ್ಡೆ, ಅಥವಾ ಗಡ್ಡೆಯೇ ಇಲ್ಲದೆ ಲಿವರ್ ಪೂರ್ತಿ ಸೂಕ್ಷ್ಮವಾಗಿ ಹರಡ್ಕೊಳ್ಳೋದು. ಲಿವರಲ್ಲೇ ಹುಟ್ಟಿದ್ರೆ ಒಂದೇ ಗಡ್ಡೆ ಹೆಚ್ಚು, ಬೇರೆ ಕಡೆಯಿಂದ ಬಂದಿದ್ರೆ ಹಲವು ಅಥವಾ ಹರಡಿದ ರೂಪ ಹೆಚ್ಚು. ಹರಡಿದ ರೂಪದಲ್ಲಿ ಸಿಟಿ ನೋಡಿದ್ರೆ ಲಿವರ್ ಸ್ವಲ್ಪ ದೊಡ್ಡದು ಅನ್ನೋದು ಬಿಟ್ಟು ಏನೂ ಕಾಣದೇ ಇರಬಹುದು, ಲಿವರ್ ದೊಡ್ಡದಾಗಿದೆ ಅಂದ ಮಾತ್ರಕ್ಕೆ ಲಿಂಫೋಮಾ ಅಂತಲೂ ಅಲ್ಲ, ಫ್ಯಾಟಿ ಲಿವರಲ್ಲೂ ದೊಡ್ಡದಾಗುತ್ತೆ. ಪೆಟ್‌ನಲ್ಲಿ ಇಡೀ ಲಿವರ್ ಮಾಮೂಲಿಗಿಂತ ತುಂಬಾ ಜಾಸ್ತಿ ಹೊಳೀತಿದ್ರೆ ಸುಳಿವು, ಅದೂ ಇಲ್ಲದೆ ರಕ್ತದಲ್ಲಿ ಬಿಲಿರುಬಿನ್, ಲಿವರ್ ಪರೀಕ್ಷೆಯಲ್ಲಿ ಬರೋ ಎಎಲ್‌ಪಿ, ಎಲ್‌ಡಿಎಚ್ ಏರ್ತಾನೇ ಹೋದ್ರೆ ಲಿವರ್ ಬಯಾಪ್ಸಿ ಒಂದೇ ದಾರಿ, ರಕ್ತ ಹೆಪ್ಪುಗಟ್ಟೋದ್ರಲ್ಲಿ ತೊಂದರೆ ಇದ್ರೆ ಕುತ್ತಿಗೆಯ ನರದಿಂದ ಒಳಗೆ ಹೋಗಿ ತುಣುಕು ತೆಗಿಯೋ ವಿಧಾನವೂ ಇದೆ.

## ಟ್ರೀಟ್ಮೆಂಟ್ ಶುರುವಾದ್ಮೇಲೆ

ರಿಪೋರ್ಟಲ್ಲಿ ಸ್ಟೇಜ್ 4 ಅಂತ ಬರೆದಿದೆ, ಮನೆಗೆ ಕರ್ಕೊಂಡು ಹೋಗೋದಾ?

ದಯವಿಟ್ಟು ಬೇಡ. ಲಿಂಫೋಮಾದಲ್ಲಿ ಲಿವರಿಗೆ ಬಂದಿದೆ ಅಂದ ತಕ್ಷಣ ಲೆಕ್ಕದ ಪ್ರಕಾರ ಸ್ಟೇಜ್ 4. ಬೇರೆ ಕ್ಯಾನ್ಸರಲ್ಲಿ ಆ ನಂಬರ್ ಕೇಳಿದ್ರೆ ಎದೆ ಒಡೆಯುತ್ತೆ, ಇಲ್ಲಿ ಹಾಗಲ್ಲ. ಹಾಡ್ಜ್‌ಕಿನ್ ಲಿಂಫೋಮಾ, ಬಿ ಸೆಲ್ ದೊಡ್ಡಕೋಶದ ಲಿಂಫೋಮಾ ಇವು ಸ್ಟೇಜ್ 4ರಲ್ಲೂ ಪೂರ್ತಿ ವಾಸಿ ಆಗೋ ಅವಕಾಶ ಇರೋ ಕಾಯಿಲೆಗಳು. ಆ ನಂಬರ್ ನೋಡಿ ಆಸ್ಪತ್ರೆ ಬಿಟ್ಟು ಹೋದವರನ್ನ ನೆನೆಸ್ಕೊಂಡ್ರೆ ಈಗಲೂ ಬೇಜಾರಾಗುತ್ತೆ.

ಡೋವಿಲ್ ಸ್ಕೋರ್ 3 ಅಂತ ಇದೆ, ಒಳ್ಳೇದಾ ಕೆಟ್ಟದಾ?

2009ರಲ್ಲಿ ಫ್ರಾನ್ಸಿನ ಡೋವಿಲ್ ಅನ್ನೋ ಊರಲ್ಲಿ ತಜ್ಞರು ಸೇರಿ ಮಾಡಿದ ಅಳತೆ ಇದು. ಕಾಯಿಲೆ ಇದ್ದ ಜಾಗದ ಹೊಳಪನ್ನ ಎದೆಯ ರಕ್ತನಾಳದ ಹೊಳಪು ಮತ್ತೆ ಲಿವರ್‌ನ ಹೊಳಪಿನ ಜೊತೆ ಹೋಲಿಸ್ತಾರೆ. ಹೊಳಪೇ ಇಲ್ಲ ಅಂದ್ರೆ 1, ಎದೆ ರಕ್ತನಾಳದಷ್ಟು ಅಥವಾ ಕಡಿಮೆ ಇದ್ರೆ 2, ಅದಕ್ಕಿಂತ ಜಾಸ್ತಿ ಆದ್ರೆ ಲಿವರ್ ಮೀರಿಲ್ಲ ಅಂದ್ರೆ 3, ಲಿವರಿಗಿಂತ ಸ್ವಲ್ಪ ಜಾಸ್ತಿ 4, ತುಂಬಾ ಜಾಸ್ತಿ ಅಥವಾ ಹೊಸ ಜಾಗದಲ್ಲಿ ಬಂದಿದ್ರೆ 5. ಮಾಮೂಲಿ ಟ್ರೀಟ್ಮೆಂಟ್ ತಗೊಳ್ತಿರೋರಿಗೆ 3 ಅಂದ್ರೆ ಹೆಚ್ಚಿನ ಸಲ ಒಳ್ಳೇ ಸುದ್ದಿ. ಲಿವರಲ್ಲೇ ಕಾಯಿಲೆ ಇದ್ದವರ ವಿಷಯದಲ್ಲಿ ಅಳತೆಗೋಲೇ ಕಾಯಿಲೆ ಬಿದ್ದಂಗೆ ಆಗುತ್ತಲ್ಲ, ಅದಕ್ಕೆ ಲಿವರ್‌ನ ಯಾವ ಭಾಗ ಕೆಟ್ಟಿಲ್ವೋ ಅಲ್ಲಿ ಅಳೀತಾರೆ. ಮೊದಲನೇ ಪೆಟ್‌ನ ಸಿಡಿ ಇಲ್ಲದಿದ್ರೆ ಅದು ಯಾವ ಭಾಗ ಅಂತ ಎರಡನೇ ಸಲ ನೋಡೋರಿಗೆ ಗೊತ್ತಾಗಲ್ಲ.

ಕೀಮೋ ಮುಗಿದಿದೆ, ಸಿಟಿಯಲ್ಲಿ ಇನ್ನೂ 2 ಸೆಂಟಿಮೀಟರ್ ಗಡ್ಡೆ ಇದೆ ಅಂತಾರೆ, ಫೇಲ್ ಆಯ್ತಾ?

ಗೊತ್ತಿಲ್ಲ ಅನ್ನೋದೇ ಆ ಸಿಟಿಯ ಉತ್ತರ. ಕಾಯಿಲೆ ಸತ್ತ ಮೇಲೂ ಗಾಯದ ಕಲೆ ಉಳಿದ ಹಾಗೆ ನಾರು ಉಳ್ಕೊಳ್ಳುತ್ತೆ, ಸಿಟಿಗೆ ಜೀವ ಇರೋದು ಯಾವುದು ಇಲ್ಲದ್ದು ಯಾವುದು ಅಂತ ತಿಳಿಯಲ್ಲ. ಪೆಟ್‌ನಲ್ಲಿ ಅದು ಹೊಳೀತಿಲ್ಲ ಅಂದ್ರೆ ಗಡ್ಡೆ ಉಳಿದಿದ್ರೂ ಪೂರ್ತಿ ವಾಸಿ ಅಂತಲೇ ಲೆಕ್ಕ, ಲಿಂಫೋಮಾ ತಜ್ಞರ 2014ರ ಲುಗಾನೋ ನಿಯಮ ಹಾಗೇ ಹೇಳುತ್ತೆ. ಕೀಮೋ ಮುಗಿದ ತಕ್ಷಣ ಓಡಬೇಡಿ, 6-8 ವಾರ ಬಿಟ್ಟು ಮಾಡಿಸೋದು ಒಳ್ಳೇದು, ರೇಡಿಯೇಶನ್ ಕೊಟ್ಟಿದ್ರೆ ಸುಮಾರು 3 ತಿಂಗಳು. ಬೇಗ ಮಾಡಿಸಿದ್ರೆ ಟ್ರೀಟ್ಮೆಂಟಿಂದ ಆದ ಉರಿಯೂತವೇ ಹೊಳೆದು ಮನೆಯವರನ್ನೆಲ್ಲ ಸುಮ್ನೆ ಅಳಿಸುತ್ತೆ. ಹೊಳೀತಿದೆ ಅಂತ ಬಂದ್ರೂ ಔಷಧಿ ಬದಲಾಯಿಸೋಕೆ ಮುಂಚೆ ಆಗುವಂತಿದ್ರೆ ಅಲ್ಲಿಂದ ಮತ್ತೆ ತುಣುಕು ತೆಗೆದು ನೋಡ್ತಾರೆ.

ಈಗ ಆರಾಮಾಗಿದಾರೆ, ಸೇಫ್ಟಿಗೆ ಅಂತ 6 ತಿಂಗಳಿಗೊಂದು ಪೆಟ್ ಮಾಡಿಸ್ತಾ ಇರೋದಾ?

ಹಾಡ್ಜ್‌ಕಿನ್ ಮತ್ತೆ ಬಿ ಸೆಲ್ ದೊಡ್ಡಕೋಶದ ಲಿಂಫೋಮಾ ಪೂರ್ತಿ ವಾಸಿ ಆಗಿದ್ರೆ ಲಕ್ಷಣ ಇಲ್ಲದೆ ಸುಮ್ನೆ ಸ್ಕ್ಯಾನ್ ಮಾಡಿಸ್ತಾ ಹೋಗೋದನ್ನ ಲುಗಾನೋ ನಿಯಮವೂ ಬೇಡ ಅನ್ನುತ್ತೆ. ಶೀತ ಆಗಿ ಗ್ರಂಥಿ ಊದಿದ್ರೂ ಪೆಟ್‌ನಲ್ಲಿ ಹೊಳೆಯುತ್ತೆ, ಆಮೇಲೆ ಅದರ ಹಿಂದೆ ಓಡಾಟ, ಮತ್ತೆ ಸೂಜಿ, ಮತ್ತೆ ಖರ್ಚು. ಡಾಕ್ಟ್ರು ಹೇಳಿದ ತಾರೀಕಿಗೆ ಹೋಗಿ ಮೈ ಮುಟ್ಟಿ ನೋಡಿಸ್ಕೊಳ್ಳಿ, ರಕ್ತ ಪರೀಕ್ಷೆ ಮಾಡಿಸಿ. ಕಾರಣ ಇಲ್ಲದೆ ಎರಡು ವಾರ ಜ್ವರ, ತೂಕ ಇಳಿಯೋದು, ಬಟ್ಟೆ ಒದ್ದೆ ಆಗೋ ಹಂಗೆ ರಾತ್ರಿ ಬೆವರು, ಹೊಸದಾಗಿ ಗಂಟು, ಕಣ್ಣು ಹಳದಿ, ಇದರಲ್ಲಿ ಯಾವುದು ಕಂಡ್ರೂ ಮುಂದಿನ ತಾರೀಕಿಗೆ ಕಾಯದೆ ಹಳೇ ಸಿಡಿ, ಬಯಾಪ್ಸಿ ರಿಪೋರ್ಟ್ ಎಲ್ಲ ಹಿಡ್ಕೊಂಡು ಹೋಗಿ.